ಭದ್ರಾವತಿಗೆ ಸುಂಕದ ಮದ್ದು ಹಿಡಿಯುತ್ತಿತ್ತಾ? ಉಕ್ಕು ಮತ್ತು ಸರ್ಕಾರದ ರಕ್ಷಣೆ: ಅಧ್ಯಯನ ಟಿಪ್ಪಣಿ

"ದೇಶೀಯ ಉಕ್ಕು ಉದ್ಯಮವನ್ನು ಸರ್ಕಾರ ರಕ್ಷಿಸಬೇಕೇ? ಚರ್ಚಿಸಿ." ಇಂಥ ಪ್ರಶ್ನೆ ಕಂಡ ಕೂಡಲೇ ನಾವೆಲ್ಲ ಮಾಡುವುದು ಒಂದೇ ಕೆಲಸ. ನಾಲ್ಕು ಪರ, ನಾಲ್ಕು ವಿರೋಧ, ಕೊನೆಗೆ "ಸಮತೋಲನ ಅಗತ್ಯ" ಅಂತ ಒಂದು ಸಾಲು ಬರೆದು ಪೆನ್ನು ಕೆಳಗಿಡುವುದು. ಮಾರ್ಕ್ಸ್ ಬೀಳಬಹುದು, ಆದರೆ ವಿಷಯ ತಲೆಗೆ ಇಳಿದಿರುವುದಿಲ್ಲ. ನನಗೂ ಇಳಿದಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಭದ್ರಾವತಿಯ ಹಳೆಯ ಸರ್ಕಾರಿ ಉಕ್ಕಿನ ಕಾರ್ಖಾನೆಯನ್ನು ಮುಂದಿಟ್ಟುಕೊಂಡು ಓದಿದಾಗ ಸ್ವಲ್ಪ ದಾರಿ ಕಂಡಿತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಭಾರತದಲ್ಲಿ ಉಕ್ಕು ಉದ್ಯಮ ಕುಸಿಯುತ್ತಿದೆ ಅಂತ ಬರೆದರೆ ತಪ್ಪು. 2018ರಿಂದ ನಾವು ಚೀನಾ ಬಿಟ್ಟರೆ ಜಗತ್ತಿನಲ್ಲೇ ಎರಡನೇ ಸ್ಥಾನದಲ್ಲಿದ್ದೇವೆ, 2024ರಲ್ಲಿ ಮಾಡಿದ್ದು ಸುಮಾರು 15 ಕೋಟಿ ಟನ್. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜಿಂದಾಲ್ ಕಾರ್ಖಾನೆ ಒಂದೇ 1 ಕೋಟಿ 20 ಲಕ್ಷ ಟನ್ ದಾಟಿದೆ. ಅಲ್ಲಿಂದ ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಭದ್ರಾವತಿಯ ಸಾಮರ್ಥ್ಯ ವರ್ಷಕ್ಕೆ ಸುಮಾರು ಒಂದು ಲಕ್ಷ ಟನ್ ಉಕ್ಕು, ಅಷ್ಟೇ. ಒಂದೇ ರಾಜ್ಯ, ಒಂದೇ ಸರಕು, ಒಂದೇ ಆಮದು ನೀತಿ. ಒಂದು ಊರಿನಲ್ಲಿ ಕುಲುಮೆಗಳ ಸಂಖ್ಯೆ ಹೆಚ್ಚುತ್ತಾ ಹೋಯಿತು, ಇನ್ನೊಂದು ಊರಿನಲ್ಲಿ ಆರಿತು. ಹಾಗಾಗಿ ಪರದೇಶದ ಉಕ್ಕು ಬಂದು ನಮ್ಮದನ್ನು ಕೊಂದಿತು ಅನ್ನುವ ವಿವರಣೆ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ಬೆಂಕಿಪುರದ ಲೆಕ್ಕಾಚಾರ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರು ಮೊದಲು ಬಂತು, ಕುಲುಮೆ ಆಮೇಲೆ ಬಂತು, ಎಷ್ಟು ಚೆನ್ನಾಗಿ ಕೂಡಿಬಂತು ಅಲ್ವಾ! ಮೈಸೂರು ಸಂಸ್ಥಾನ 1918ರಲ್ಲಿ ಕೆಲಸ ಶುರುಮಾಡಿತು, 1923ರ ಜನವರಿಯಲ್ಲಿ ಉತ್ಪಾದನೆ ಆರಂಭವಾಯಿತು. ಹಿಂದಿದ್ದ ತಲೆ ಸರ್ ಎಂ. ವಿಶ್ವೇಶ್ವರಯ್ಯನವರದು.

ಕಬ್ಬಿಣದ ಅದಿರು ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಕಚ್ಚಿಕೊಂಡು ಕೂತಿರುವ ಕಲ್ಲು. ಆ ಆಮ್ಲಜನಕವನ್ನು ಕಿತ್ತುಹಾಕಲು ಇಂಗಾಲ ಬೇಕು. ದೊಡ್ಡ ಕಾರ್ಖಾನೆಗಳು ಇದಕ್ಕೆ ಕೋಕ್ ಬಳಸುತ್ತವೆ, ಅಂದರೆ ಗಾಳಿ ತಾಗದಂತೆ ಕಾಯಿಸಿ ಹದಮಾಡಿದ ಕಲ್ಲಿದ್ದಲು. ಮೈಸೂರಿನಲ್ಲಿ ಕಲ್ಲಿದ್ದಲು ಎಲ್ಲಿಂದ ಬರಬೇಕು? ಮಲೆನಾಡಿನ ಕಾಡು ಇತ್ತು. ಸೌದೆ ಸುಟ್ಟು ಇದ್ದಿಲು ಮಾಡಿ ಅದನ್ನೇ ಕುಲುಮೆಗೆ ಹಾಕಿದರು. ಇದ್ದಿಲು ಮಾಡುವಾಗ ಹೊರಡುವ ಹೊಗೆಯನ್ನೂ ಬಿಡದೆ ಭಟ್ಟಿ ಇಳಿಸಿ ಬೇರೆ ರಾಸಾಯನಿಕ ತೆಗೆದರು. ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ತೂಗಾಡಿಕೊಂಡು ಬೆಟ್ಟ ಇಳಿಯುತ್ತಿತ್ತು, ಸುಣ್ಣದ ಕಲ್ಲು ಭಂಡಿಗುಡ್ಡದಿಂದ ಬರುತ್ತಿತ್ತು. ನೀರಿಗೆ ಭದ್ರಾ ಹೊಳೆ ಪಕ್ಕದಲ್ಲೇ. ಮುಂದೆ ಉಕ್ಕು, ಸಿಮೆಂಟು ಎಲ್ಲ ಸೇರಿಕೊಂಡವು. ಜೋಗದ ಕರೆಂಟು ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು.

ಕಾಡಿನ ಪಾಲಿಗೆ ಇದು ಒಳ್ಳೆಯ ಸುದ್ದಿಯಾಗಿರಲಿಲ್ಲ ಅನ್ನುವುದನ್ನೂ ಮರೆಯಬೇಡಿ. ಉದ್ಯಮದ ಲೆಕ್ಕ ಬರೆಯುವಾಗ ಕಡಿದ ಮರ ಯಾವ ಕಾಲಮ್ಮಿನಲ್ಲೂ ಕಾಣುವುದಿಲ್ಲ.

1923ರ ಮೂರು ಪ್ರಶ್ನೆಗಳು

ಇಲ್ಲಿ ಒಂದು ತಮಾಷೆಯ ಕಾಕತಾಳೀಯ ಇದೆ, ಪರೀಕ್ಷೆಗೂ ಉಪಯೋಗಕ್ಕೆ ಬರುತ್ತದೆ. ಭದ್ರಾವತಿಯಲ್ಲಿ ಕುಲುಮೆ ಹೊತ್ತಿದ ವರ್ಷವೇ ಬ್ರಿಟಿಷ್ ಇಂಡಿಯಾದಲ್ಲಿ ಟ್ಯಾರಿಫ್ ಬೋರ್ಡ್ ಶುರುವಾಯಿತು. ಯಾವ ಉದ್ಯಮಕ್ಕೆ ರಕ್ಷಣೆ ಕೊಡಬೇಕು, ಯಾವುದಕ್ಕೆ ಬೇಡ ಅಂತ ತೂಗಿ ನೋಡುವುದೇ ಅದರ ಕೆಲಸ. ಅದರ ಕೈಯಲ್ಲಿದ್ದ ತಕ್ಕಡಿ ಅಂದರೆ ಫಿಸ್ಕಲ್ ಕಮಿಷನ್, ಅಂದರೆ ಸುಂಕ ನೀತಿ ಹೇಗಿರಬೇಕು ಅಂತ ಮೊದಲೇ ಪರಿಶೀಲಿಸಿದ್ದ ಆಯೋಗ, ಹೇಳಿದ ಮೂರು ಷರತ್ತು. ಒಂದು, ಆ ಉದ್ಯಮಕ್ಕೆ ಕಚ್ಚಾ ವಸ್ತು, ಅಗ್ಗದ ಶಕ್ತಿ, ಕೂಲಿ, ಮಾರುಕಟ್ಟೆ ಇಂಥ ಸಹಜ ಅನುಕೂಲ ಇರಬೇಕು. ಎರಡು, ರಕ್ಷಣೆ ಇಲ್ಲದಿದ್ದರೆ ಅದು ಬೆಳೆಯುವುದೇ ಇಲ್ಲ ಅಥವಾ ಬೇಕಾದಷ್ಟು ಬೇಗ ಬೆಳೆಯುವುದಿಲ್ಲ ಅನ್ನುವ ಸ್ಥಿತಿ ಇರಬೇಕು. ಮೂರು, ಒಂದು ದಿನ ರಕ್ಷಣೆ ತೆಗೆದರೂ ಹೊರಗಿನವರ ಮುಂದೆ ನಿಲ್ಲುವಂತಾಗಬೇಕು.

ಈ ತಕ್ಕಡಿಯಲ್ಲಿ ಮೊದಲು ಕೂತದ್ದು ಉಕ್ಕೇ. 1912ರಿಂದ ಉಕ್ಕು ಮಾಡುತ್ತಿದ್ದ ಜಮ್ಶೆಡ್‌ಪುರದ ಟಾಟಾ ಕಾರ್ಖಾನೆ, ಮೊದಲ ಮಹಾಯುದ್ಧ ಮುಗಿದು ಬೆಲೆ ಕುಸಿದು ಯುರೋಪಿನ ಅಗ್ಗದ ಮಾಲು ನುಗ್ಗಿದಾಗ ತತ್ತರಿಸಿತ್ತು. 1924ರಲ್ಲಿ ಉಕ್ಕು ರಕ್ಷಣೆಯ ಕಾಯ್ದೆ ಬಂತು, ಆಮದು ಸುಂಕ ಏರಿತು. ಸ್ವಾತಂತ್ರ್ಯ ಬರುವ ಹೊತ್ತಿಗೆ ಆ ರಕ್ಷಣೆಯ ಅಗತ್ಯ ಮುಗಿದಿತ್ತು. ಪುಸ್ತಕಗಳಲ್ಲಿ "ಶಿಶು ಉದ್ಯಮ" ಅಂತ ಓದುತ್ತೇವಲ್ಲ, ಅದಕ್ಕೆ ನಮ್ಮ ನೆಲದ ಒಳ್ಳೆಯ ಉದಾಹರಣೆ ಇದು. ಮಗು ನಡೆಯಲು ಕಲಿಯಿತು, ಕೈ ಬಿಟ್ಟರು.

ಈಗ ಇದೇ ಮೂರು ಪ್ರಶ್ನೆಗಳನ್ನು ಭದ್ರಾವತಿಗೆ ಕೇಳಿ, ಆದರೆ ಎರಡು ಬೇರೆ ಬೇರೆ ಕಾಲದಲ್ಲಿ. 1923ರಲ್ಲಿ ಕೇಳಿದರೆ ಮೊದಲನೆಯದರಲ್ಲಿ ಪಾಸು, ಸುಮ್ನೆ ಪಾಸಲ್ಲ, ಒಳ್ಳೆಯ ಅಂಕ. 2015ರ ಸುಮಾರಿಗೆ ಕೇಳಿದರೆ? ಇದ್ದಿಲಿನ ಕಾಲ ಎಂದೋ ಮುಗಿದಿದೆ. ಕೋಕ್ ದೂರದಿಂದ ಬರಬೇಕು, ಹತ್ತಿರದಲ್ಲಿ ಬಂದರಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಗಣಿ ನಿಂತು ಈಗ ಬರೀ ಪ್ರವಾಸಿಗರು. ಅದರ ಬದಲಿಗೆ ಸಂಡೂರು ಕಡೆಯ ರಮಣದುರ್ಗದಲ್ಲಿ ಗಣಿ ಕೊಡುವ ಮಾತು ಬಂತು, ಅದು ಕೋರ್ಟು, ಕಾಗದಪತ್ರಗಳ ನಡುವೆ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಸಹಜ ಅನುಕೂಲ ಅಂತ ಉಳಿದದ್ದು ಭದ್ರೆಯ ನೀರು, ಮತ್ತೆ ಕೆಲಸ ಬಲ್ಲ ಜನ.

ಎರಡನೇ ಪ್ರಶ್ನೆ ಇಲ್ಲಿ ಸ್ವಲ್ಪ ವಿಚಿತ್ರ. ಭದ್ರಾವತಿಗೆ ರಕ್ಷಣೆ ಸಿಕ್ಕಿದ್ದು ಮುಖ್ಯವಾಗಿ ಮಾಲೀಕತ್ವದ ರೂಪದಲ್ಲಿ. ಮೊದಲು ಸಂಸ್ಥಾನ, ಆಮೇಲೆ ರಾಜ್ಯ ಸರ್ಕಾರ, 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಕೈಗೆ, 1998ರಲ್ಲಿ ಸೈಲ್ ಒಳಗೇ ವಿಲೀನ. ನಷ್ಟ ಬಂದರೆ ಮಾಲೀಕ ತುಂಬಿಕೊಡುತ್ತಾನೆ ಅನ್ನುವುದೂ ಒಂದು ರಕ್ಷಣೆಯೇ. ಆದರೆ ಭಿಲಾಯಿ, ಬೊಕಾರೊ, ರೂರ್ಕೆಲಾ ಎಲ್ಲ ಕೈಯಲ್ಲಿರುವ ಮಾಲೀಕನ ಮನೆಯಲ್ಲಿ ಭದ್ರಾವತಿ ದೂರದ ಕಿರಿಯ ಮಗುವಾಯಿತು. ಊಟ ಸಿಕ್ಕಿತು, ಶಾಲೆಗೆ ಸೇರಿಸಲಿಲ್ಲ. ದೊಡ್ಡ ಹೂಡಿಕೆ ಬರಲೇ ಇಲ್ಲ.

ಮೂರನೆಯದು ಗಾತ್ರದ ಪ್ರಶ್ನೆ. ಕುಲುಮೆ ದೊಡ್ಡದಾದಷ್ಟೂ ಒಂದು ಟನ್ನಿಗೆ ಬೀಳುವ ಖರ್ಚು ಕಡಿಮೆ. ನೂರು ಪಟ್ಟು ದೊಡ್ಡ ಕಾರ್ಖಾನೆಯ ಜೊತೆ ಮಾಮೂಲಿ ಉಕ್ಕಿನಲ್ಲಿ ಪೈಪೋಟಿ ಸಾಧ್ಯವೇ ಇಲ್ಲ. ಭದ್ರಾವತಿ ಗೆಲ್ಲಬಹುದಾಗಿದ್ದದ್ದು ವಿಶೇಷ ಉಕ್ಕಿನಲ್ಲಿ, ಅಂದರೆ ರೈಲ್ವೆಗೆ, ರಕ್ಷಣಾ ಇಲಾಖೆಗೆ, ವಾಹನದ ಬಿಡಿಭಾಗಗಳಿಗೆ ಬೇಕಾಗುವ ಮಿಶ್ರಲೋಹದ ಸರಳುಗಳಲ್ಲಿ. ಅಲ್ಲಿ ಸ್ವಲ್ಪವೇ ಮಾಡಿದರೂ ಬೆಲೆ ಜಾಸ್ತಿ. ಕಾರ್ಖಾನೆಯ ಕೈಚಳಕ ಇದ್ದದ್ದೂ ಅಲ್ಲೇ.

ಹಾಗಾದರೆ ಸುಂಕ ಹಾಕಿದ್ದರೆ?

ಈಗ ನನಗೆ ಇಷ್ಟವಾದ ಭಾಗಕ್ಕೆ ಬರೋಣ. 2023-24ರಲ್ಲಿ ಭಾರತ ಸಿದ್ಧ ಉಕ್ಕಿನಲ್ಲಿ ರಫ್ತಿಗಿಂತ ಆಮದು ಜಾಸ್ತಿ ಮಾಡಿತು. ಮುಂದಿನ ವರ್ಷ ಆಮದು ಸುಮಾರು 95 ಲಕ್ಷ ಟನ್ ಮುಟ್ಟಿತು. ಚೀನಾದಲ್ಲಿ ಮನೆ ಕಟ್ಟುವ ಭರಾಟೆ ನಿಂತು, ಅಲ್ಲಿ ಖರ್ಚಾಗದ ಉಕ್ಕು ಹೊರಗೆ ಹರಿಯಿತು. 2024ರಲ್ಲಿ ಅವರ ರಫ್ತೇ ಸುಮಾರು 11 ಕೋಟಿ ಟನ್, ನಮ್ಮ ಇಡೀ ದೇಶದ ಉತ್ಪಾದನೆಯ ಮುಕ್ಕಾಲು ಪಾಲು. ಹಾಗಾಗಿ 2025ರ ಏಪ್ರಿಲ್‌ನಲ್ಲಿ ಸರ್ಕಾರ 200 ದಿನಗಳ ಮಟ್ಟಿಗೆ ಶೇ 12ರ ಸೇಫ್‌ಗಾರ್ಡ್ ಸುಂಕ, ಅಂದರೆ ಆಮದು ಏಕಾಏಕಿ ಏರಿದಾಗ ಒಳಗಿನವರನ್ನು ಕಾಪಾಡಲು ಹಾಕುವ ಸುಂಕ, ಹಾಕಿತು.

ಯಾವುದರ ಮೇಲೆ ಅಂತ ಗಮನಿಸಿ. ಚಪ್ಪಟೆ ಉಕ್ಕಿನ ಮೇಲೆ, ಅಂದರೆ ಶೀಟು, ಕಾಯಿಲ್, ಪ್ಲೇಟುಗಳ ಮೇಲೆ. ಭದ್ರಾವತಿ ಮಾಡುತ್ತಿದ್ದದ್ದು ಸರಳು! ಸುಂಕದ ಕೊಡೆ ಬಿಡಿಸಿದ್ದು ತೋರಣಗಲ್ಲಿನಂಥ ದೊಡ್ಡವರ ತಲೆಯ ಮೇಲೆ, ಭದ್ರಾವತಿಗೆ ಅದರ ನೆರಳೂ ಬೀಳಲಿಲ್ಲ. ಅದನ್ನು ತಪ್ಪು ಅನ್ನುತ್ತಿಲ್ಲ. ದೊಡ್ಡವರಿಗೂ ಅಗ್ಗದ ಮಾಲಿನ ಪೆಟ್ಟು ಬೀಳುತ್ತದೆ, ಅವರು ಹೊಸ ಹೂಡಿಕೆ ನಿಲ್ಲಿಸಿದರೆ ನಾಳೆ ತೊಂದರೆಯೇ. ಆದರೆ ಸುಂಕದ ಪರ ವಾದಿಸುವಾಗ ಮುಚ್ಚಿದ ಕಾರ್ಖಾನೆಯ ಗೇಟಿನ ಫೋಟೊ ತೋರಿಸುವುದಿದೆಯಲ್ಲ, ಅದು ಒಬ್ಬರ ಜ್ವರಕ್ಕೆ ಇನ್ನೊಬ್ಬರಿಗೆ ಮಾತ್ರೆ ಕೊಟ್ಟ ಹಾಗೆ.

ಇನ್ನು ಉಕ್ಕು ಕೊಳ್ಳುವವರು. ಪೀಣ್ಯದಲ್ಲಿ ಶೀಟು ಕತ್ತರಿಸಿ, ಬಾಗಿಸಿ, ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್‌ಗಳನ್ನೇ ನೆನೆಸಿಕೊಳ್ಳಿ. ಲೆಕ್ಕಕ್ಕೆ ಟನ್ನಿಗೆ 50,000 ರೂಪಾಯಿ ಅಂತ ಇಟ್ಟುಕೊಂಡರೆ ಶೇ 12 ಅಂದರೆ 6,000. ಪೂರ್ತಿ ಅಷ್ಟೂ ಬೆಲೆಗೆ ಸೇರುವುದಿಲ್ಲ, ಏಕೆಂದರೆ ಒಂದು ಗೊತ್ತುಪಡಿಸಿದ ಬೆಲೆಗಿಂತ ಮೇಲೆ ಬರುವ ಮಾಲಿಗೆ ಈ ಸುಂಕವಿಲ್ಲ. ಆದರೂ ಹೊರಗಿನ ಮಾಲು ತುಟ್ಟಿಯಾದರೆ ಒಳಗಿನವರು ದರ ಏರಿಸದೆ ಸುಮ್ಮನಿರುತ್ತಾರಾ? ಉಕ್ಕು ಮಾಡುವವರು ಕೆಲವೇ ಜನ, ಅವರ ದನಿ ದೆಹಲಿಗೆ ಕೇಳುತ್ತದೆ. ಬಳಸುವವರು ಲಕ್ಷಾಂತರ, ಅವರ ದನಿ ಚದುರಿಹೋಗುತ್ತದೆ. ಸರ್ಕಾರವೂ ಎರಡೂ ಕಡೆ ತೂಗಾಡಿದೆ: 2022ರ ಮೇ ತಿಂಗಳಲ್ಲಿ ದೇಶದೊಳಗೆ ಬೆಲೆ ಇಳಿಯಲಿ ಅಂತ ಇದೇ ಉಕ್ಕಿನ ರಫ್ತಿನ ಮೇಲೆ ಶೇ 15 ಸುಂಕ ಹಾಕಿ, ನವೆಂಬರ್‌ನಲ್ಲಿ ತೆಗೆಯಿತು. ಉತ್ತರದಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ ತೂಕ ಬರುತ್ತದೆ.

"ದೇಶದ ಭದ್ರತೆ" ವಾದ

ಇದನ್ನು ಎಲ್ಲರೂ ಬರೆಯುತ್ತಾರೆ, ಎಲ್ಲಿ ಹೊಂದುತ್ತದೆ ಅಂತ ನೋಡುವುದಿಲ್ಲ. ಹೊಂದುವ ಜಾಗ ಬ್ರಿಟನ್. 2024ರ ಸೆಪ್ಟೆಂಬರ್ 30ರಂದು ವೇಲ್ಸ್‌ನ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾದವರ ಕೊನೆಯ ಊದುಕುಲುಮೆ (ಬ್ಲಾಸ್ಟ್ ಫರ್ನೇಸ್, ಬಿಸಿಗಾಳಿ ಊದಿ ಅದಿರಿನಿಂದ ಕಬ್ಬಿಣ ಇಳಿಸುವ ಕುಲುಮೆ) ನಿಂತಿತು. ಅದಿರಿನಿಂದ ಉಕ್ಕು ಮಾಡುವ ಜಾಗ ಆ ದೇಶದಲ್ಲಿ ಉಳಿದದ್ದು ಸ್ಕಂಥೋರ್ಪ್ ಒಂದೇ, ಅದೂ ಚೀನಾದ ಕಂಪನಿಯ ಕೈಯಲ್ಲಿ. ಅದೂ ನಿಲ್ಲುವ ಹಾಗಾದಾಗ 2025ರ ಏಪ್ರಿಲ್ 12ರ ಶನಿವಾರ ಸಂಸತ್ತನ್ನು ಕರೆದು, ಒಂದೇ ದಿನದಲ್ಲಿ ಕಾಯ್ದೆ ಮಾಡಿ ಕಾರ್ಖಾನೆಯ ನಿಯಂತ್ರಣ ತೆಗೆದುಕೊಂಡರು. ಅಷ್ಟೊಂದು ಅವಸರ ಯಾಕೆ? ಊದುಕುಲುಮೆ ಬೀಗ ಹಾಕಿ ತೆಗೆಯುವ ಅಂಗಡಿಯಲ್ಲ. ಆರಿದರೆ ಒಳಗಿನ ಲೋಹ ತಳದಲ್ಲೇ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಹೊತ್ತಿಸುವುದು ಬಹಳ ಕಷ್ಟ, ಬಹಳ ದುಬಾರಿ.

ಭಾರತಕ್ಕೆ ಈ ವಾದ ಹಾಗೇ ತಂದು ಅಂಟಿಸಲಾಗದು. ನಮ್ಮಲ್ಲಿ ಊದುಕುಲುಮೆಗೆ ಬರವಿಲ್ಲ. ನಮ್ಮ ನಿಜವಾದ ಪರಾವಲಂಬನೆ ಇರುವುದು ಕೋಕಿಂಗ್ ಕಲ್ಲಿದ್ದಲಿನಲ್ಲಿ, ಅಂದರೆ ಕೋಕ್ ಮಾಡಲು ಬರುವ ಕಲ್ಲಿದ್ದಲಿನಲ್ಲಿ; ಬೇಕಾದದ್ದರಲ್ಲಿ ಬಹುಪಾಲು ಹೊರಗಿನಿಂದಲೇ ಬರುತ್ತದೆ.

ಕೊನೆಯ ಹತ್ತು ವರ್ಷ, ಚುಟುಕಾಗಿ

2016ರಲ್ಲಿ ಭದ್ರಾವತಿ ಕಾರ್ಖಾನೆಯನ್ನು ಖಾಸಗಿಗೆ ಮಾರಲು ಕೇಂದ್ರದ ತಾತ್ವಿಕ ಒಪ್ಪಿಗೆ. 2019ರಲ್ಲಿ ಕೊಳ್ಳುವವರಿಗೆ ಕರೆ. ಮುಂದುವರಿಯುವ ಆಸಕ್ತಿ ಯಾರಿಗೂ ಇಲ್ಲ ಅಂತ 2022ರಲ್ಲಿ ಮಾರಾಟ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ. ತಿಂಗಳು ಗಮನಿಸಿದಿರಾ? ಕುಲುಮೆಗೆ ಸರಿಯಾಗಿ ನೂರು ತುಂಬಿದ ತಿಂಗಳು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು, ಆದರೆ ಬೇರೆಡೆಯಿಂದ ತಂದ ಉಕ್ಕನ್ನು ಸರಳು ಮಾಡುವ ಕೆಲಸ ಅದು. 2024ರ ಜೂನ್‌ನಲ್ಲಿ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿದರು, ಪುನಶ್ಚೇತನದ ಮಾತು ಮತ್ತೆ ಎದ್ದಿತು.

ನನ್ನ ಅಭಿಪ್ರಾಯ ಕೇಳಿದರೆ, ಕಾಪಾಡುವ ಹೊತ್ತು ಇದ್ದದ್ದು ಕೆಮ್ಮಣ್ಣುಗುಂಡಿಯ ಅದಿರು ಕೈಬಿಡುವ ಮುಂಚೆ. ಆಗ ಬೇಕಿದ್ದದ್ದು ಒಂದು ಗಣಿ ಮತ್ತು ವಿಶೇಷ ಉಕ್ಕಿಗೆ ಒಂದಷ್ಟು ದುಡ್ಡು. ಈಗ ಏನೇ ಮಾಡಿದರೂ ಅದು ಹೊಸ ಕಾರ್ಖಾನೆ ಕಟ್ಟಿದ ಹಾಗೆ, ಹಾಗಾಗಿ ಹೊಸ ಕಾರ್ಖಾನೆಗೆ ಕೇಳುವ ಪ್ರಶ್ನೆಗಳನ್ನೇ ಕೇಳಬೇಕು: ಅದಿರು ಎಲ್ಲಿಂದ, ಇಂಧನ ಏನು, ಕೊಳ್ಳುವವರು ಯಾರು. ಕಾರ್ಖಾನೆಯ ಬಡಾವಣೆ ನ್ಯೂಟೌನಿನ ಜನರನ್ನು ಕಾಪಾಡುವುದೇ ಗುರಿಯಾದರೆ ಅದನ್ನು ಅದೇ ಹೆಸರಿನಲ್ಲಿ ನೇರವಾಗಿ ಮಾಡಬಹುದು. ಊರು ಉಳಿಸುವುದು ಬೇರೆ ಲೆಕ್ಕ, ಉಕ್ಕು ಉಳಿಸುವುದು ಬೇರೆ ಲೆಕ್ಕ. ಉತ್ತರದಲ್ಲಿ ಎರಡನ್ನೂ ಕಲಸಬೇಡಿ.

ಅಭ್ಯಾಸಕ್ಕೆ ಒಂದು: ಅದೇ ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್ ಇತ್ತು, ಪತ್ರಿಕೆಗಳಿಗೆ ಬೇಕಾದ ಕಾಗದ ಮಾಡುತ್ತಿತ್ತು, ಅದೂ ನಿಂತಿದೆ. ಮೂರು ಪ್ರಶ್ನೆಗಳನ್ನು ಅದಕ್ಕೂ ಕೇಳಿ ನೋಡಿ. ಮೊದಲನೆಯದಕ್ಕೆ ನನಗೆ ಬಂದ ಉತ್ತರ ಉಕ್ಕಿನ ಹಾಗಿರಲಿಲ್ಲ.