ಮೈ ನನ್ನದು, ಚಟ ಯಾರದು?

"ಮೈ ನನ್ನದು, ಕುಡಿದರೆ ನಿಮಗೇನು?" ಈ ಪ್ರಶ್ನೆಗೆ ಯುರೋಪ್, ಅಮೆರಿಕಗಳಲ್ಲಿ ಬಹಳ ಕಾಲ ಉತ್ತರ ಕೊಡುತ್ತಿದ್ದವರು ಪಾದ್ರಿಗಳು. ಅದು ಪಾಪ, ಅಷ್ಟೇ. 1784ರಲ್ಲಿ ಅಮೆರಿಕದ ವೈದ್ಯ ಬೆಂಜಮಿನ್ ರಶ್ ಅದನ್ನು ಕಾಯಿಲೆ ಅಂದರು. ಪಾಪಿ ರೋಗಿಯಾದ. ಒಳ್ಳೆಯದೇ ಆಯ್ತು ಅನ್ನಿ. ಆದರೆ ಕುಡುಕರನ್ನು ಕೂಡಿಹಾಕಿ ಸರಿ ಮಾಡಲು ಬೇರೆ ಮನೆಯೇ ಬೇಕು ಎಂದು ಆಮೇಲೆ ಹೇಳಿದವರೂ ಅವರೇ. ಕಾಯಿಲೆ ಅಂದ ಮೇಲೆ ಯಜಮಾನಿಕೆ ವೈದ್ಯರಿಗೆ ಹೋಗುತ್ತದೆ.

1859ರಲ್ಲಿ ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಜಾನ್ ಸ್ಟುವರ್ಟ್ ಮಿಲ್, ತನ್ನ ಮೈಮನಸ್ಸಿಗೆ ಮನುಷ್ಯ ತಾನೇ ಒಡೆಯ ಎಂದು ಬರೆದ. ಬೇರೆಯವರಿಗೆ ತೊಂದರೆಯಾದರೆ ಮಾತ್ರ ತಡೆಯಬಹುದು. ಆದರೆ ಯಾರೂ ತನ್ನನ್ನೇ ಜೀತಕ್ಕೆ ಮಾರಿಕೊಳ್ಳುವಂತಿಲ್ಲ ಎಂದೂ ಸೇರಿಸಿದ. ಚಟವೂ ಜೀತವೇ ಅಲ್ವಾ? ಜಗಳ ಇವತ್ತಿಗೂ ಅಲ್ಲೇ ನಿಂತಿದೆ.

ಕಾನೂನಿನಲ್ಲಿ ಇದು ಎಷ್ಟು ಗೋಜಲು ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ ರಾಬಿನ್ಸನ್ ಪ್ರಕರಣ ನೋಡಿ. ಪೊಲೀಸರು ಆತನ ತೋಳಿನಲ್ಲಿ ಸೂಜಿ ಗುರುತು ಕಂಡರು. ಕೈಯಲ್ಲಿ ಮಾದಕವಸ್ತು ಇರಲಿಲ್ಲ. ಆದರೆ ಅಲ್ಲಿ ಚಟ ಇರುವುದೇ ಅಪರಾಧವಾಗಿತ್ತು, ಕನಿಷ್ಠ 90 ದಿನ ಜೈಲು. 1962ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ತಳ್ಳಿಹಾಕಿತು: ಕಾಯಿಲೆಗೆ ಶಿಕ್ಷೆ ಕೊಡುವುದು ಕ್ರೌರ್ಯ. ತೀರ್ಪು ಬರುವ ಮೊದಲೇ ಆತ ಸತ್ತುಹೋಗಿದ್ದ. ಆರು ವರ್ಷ ಕಳೆದು, ಕುಡಿದು ಬೀದಿಗೆ ಬಂದವನ ಪ್ರಕರಣದಲ್ಲಿ ಅದೇ ಕೋರ್ಟ್ 5–4 ಮತಗಳಿಂದ ಶಿಕ್ಷೆ ಸರಿ ಅಂದಿತು. ಚಟ ತಪ್ಪಲ್ಲ, ಆದರೆ ಚಟ ಮಾಡಿಸುವ ಕೆಲಸ ತಪ್ಪು!

ತಂಬಾಕಿನ ಕತೆ ಇನ್ನೂ ಸೊಗಸು. 1964ರ ಅಮೆರಿಕ ಸರ್ಕಾರದ ವರದಿ ಅದನ್ನು ಬರೀ ಅಭ್ಯಾಸ ಅಂದಿತು. 1988ರಲ್ಲಿ ಅದೇ ವ್ಯಸನವಾಯಿತು. ಸಿಗರೇಟು ಮೊದಲಿನಂಥದ್ದೇ, ಸೇದುವವರ ಪರದಾಟವೂ ಅದೇ.

ಹೀಗೆ ಗೆರೆ ಜಾರುವಾಗ ಜಾಸ್ತಿ ಪೆಟ್ಟು ತಿನ್ನುವವರು ನೋವಿನ ರೋಗಿಗಳು. ತಿಂಗಳುಗಟ್ಟಲೆ ಮಾರ್ಫಿನ್ ತೆಗೆದುಕೊಂಡವರಿಗೆ ಮಾತ್ರೆ ತಪ್ಪಿದರೆ ಬೆವರು, ನಡುಕ, ಭೇದಿ. ಮೈ ಔಷಧಕ್ಕೆ ಒಗ್ಗಿಹೋಗಿದೆ, ಅಷ್ಟೇ. ಹೇಳಿದಷ್ಟೇ ಮಾತ್ರೆ ನುಂಗಿ, ನೋವು ತಗ್ಗಿದ್ದಕ್ಕೆ ಕೆಲಸಕ್ಕೆ ಹೋಗುವವರನ್ನು ವ್ಯಸನಿ ಅನ್ನುವುದು ಅನ್ಯಾಯ. 2013ರ ಅಮೆರಿಕದ ಮನೋವೈದ್ಯರ ಕೈಪಿಡಿಯೂ ವೈದ್ಯರ ಸಲಹೆಯಂತೆ ಔಷಧ ತೆಗೆದುಕೊಳ್ಳುವವರ ಇಂಥ ಲಕ್ಷಣಗಳನ್ನು ವ್ಯಸನದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾದರೆ ಅಳತೆಗೋಲು ಯಾವುದು? 1971ರಲ್ಲಿ ತತ್ವಶಾಸ್ತ್ರಜ್ಞ ಹ್ಯಾರಿ ಫ್ರಾಂಕ್‌ಫರ್ಟ್ ಕೊಟ್ಟ ದಾರಿ ನನಗೆ ಹಿಡಿಸುತ್ತದೆ: ಆ ಆಸೆ ತನಗಿರಲಿ ಎಂದು ಅವನೇ ಬಯಸುತ್ತಾನಾ, ಬೇಡವೆಂದರೂ ಬಿಡಲಾಗುತ್ತಿಲ್ಲವಾ? ಇದನ್ನು ಅವನನ್ನೇ ಕೇಳಬೇಕು. ಅಮಲಿನಲ್ಲೋ ನಡುಕದಲ್ಲೋ ಇರುವಾಗ ಕೇಳಿ ಪ್ರಯೋಜನವಿಲ್ಲ. ಮೈ ಹತೋಟಿಗೆ ಬಂದ ಮೇಲೆ ಕೇಳಬೇಕು. ಆಗ ಅವನೇ "ಮುಂದೆ ನಾನು ಚಿಕಿತ್ಸೆ ಬೇಡ ಅಂದರೂ ಬಿಡಬೇಡಿ" ಎಂದು ಬರೆದುಕೊಟ್ಟರೆ, ಅವನನ್ನು ತಡೆಯುವುದು ಅವನ ಸ್ವಾತಂತ್ರ್ಯ ಕಸಿದಂತೆ ಅಂತ ನನಗನ್ನಿಸುವುದಿಲ್ಲ. ಬರೆದುಕೊಡದವನ ಮೇಲೆ ಬಲವಂತ ಮಾಡುವವರು ಮಾತ್ರ ಕಾರಣ ಕೊಡಲೇಬೇಕು.