ಬೇಸಿಗೆ ರೇಸು ಬೆಂಗಳೂರಿಗೇ ಯಾಕೆ?

ಬೆಂಗಳೂರಿನ ರೇಸ್‌ಕೋರ್ಸ್ ಅಂದರೆ ಕೆಲವರಿಗೆ ಬಾಜಿ, ಉಳಿದವರಿಗೆ ಆ ರಸ್ತೆಯ ಟ್ರಾಫಿಕ್. ನನಗೆ ಕುತೂಹಲ ಅದರ ಕ್ಯಾಲೆಂಡರ್ ಮೇಲೆ. ಚಳಿಗಾಲದ ರೇಸು ಸರಿ. ಆದರೆ ಮೇ ತಿಂಗಳಲ್ಲಿ ಬೇಸಿಗೆ ರೇಸು? ಆ ಹೊತ್ತಿಗೆ ಮುಂಬೈಯಲ್ಲಿ ಸೀಸನ್ ಮುಗಿದಿರುತ್ತದೆ. ಮದ್ರಾಸಿನ ಕ್ಲಬ್ಬಿನವರಂತೂ ಬೇಸಿಗೆ ಬಂದರೆ ಊಟಿ ಹತ್ತುತ್ತಿದ್ದರು.

ಕಾರಣ ಕುದುರೆಯ ಮೈಯಲ್ಲೇ ಇದೆ. ರೇಸಿನ ಕುದುರೆ ಸುಮಾರು 450ರಿಂದ 500 ಕಿಲೋ ತೂಗುತ್ತದೆ. ಸುಮ್ನೆ ನಿಂತಾಗ ನಿಮಿಷಕ್ಕೆ 30–40 ಸಲ ಬಡಿಯುವ ಎದೆ, ಓಟದಲ್ಲಿ 220 ದಾಟುತ್ತದೆ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗ ಮಾತ್ರ ಓಟಕ್ಕೆ. ಮಿಕ್ಕಿದ್ದೆಲ್ಲ ಬಿಸಿ. ತೂಕಕ್ಕೆ ಹೋಲಿಸಿದರೆ ಚರ್ಮ ನಮಗಿಂತ ಕಡಿಮೆ, ಹಾಗಾಗಿ ಆ ಬಿಸಿ ಹೊರಹೋಗುವುದೂ ನಿಧಾನ.

ಓಡಿ ಬಂದ ಕುದುರೆಯ ಕುತ್ತಿಗೆ ನೋಡಿ. ಲಗಾಮು ಉಜ್ಜಿದ ಕಡೆ ಬಿಳಿ ನೊರೆ ಕಟ್ಟಿರುತ್ತದೆ. ಅದು ಬಾಯಿಯ ನೊರೆಯಲ್ಲ, ಬೆವರು! ಅದರಲ್ಲಿ ಲ್ಯಾಥರಿನ್ ಎಂಬ ಪ್ರೋಟೀನ್ ಇದೆ, ಸೋಪಿನ ಗುಣದ್ದು. ಕುದುರೆಯ ಕೂದಲಿಗೆ ಜಿಡ್ಡು ಜಾಸ್ತಿ, ನೀರು ಸುಲಭವಾಗಿ ಹತ್ತುವುದಿಲ್ಲ. ಲ್ಯಾಥರಿನ್ ಇರುವುದರಿಂದ ಬೆವರು ಕೂದಲನ್ನು ನೆನೆಸಿ ಹೊರಗಿನವರೆಗೂ ಹರಡುತ್ತದೆ. ಅಲ್ಲಿ ಆರಿದರೇ ಮೈ ತಣ್ಣಗಾಗುವುದು. ಮದ್ರಾಸಿನ ಸೆಕೆಯಲ್ಲಿ ಬೆವರು ಆರುವುದೇ ಕಷ್ಟ, ಅಲ್ವಾ? ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿಗೆ ಆ ಕಾಟ ಕಡಿಮೆ.

1809ರಲ್ಲಿ ಕಂಟೋನ್ಮೆಂಟ್ ಶುರುವಾದಾಗ ಬ್ರಿಟಿಷರಿಗೂ ಇಲ್ಲಿನ ಹವೆ ಹಿಡಿಸಿತ್ತು. ಅವರ ಸೈನ್ಯದ ಜೊತೆಗೇ ಕುದುರೆಗಳೂ ಬಂದವು, ರೇಸಿನ ಹುಚ್ಚೂ ಬಂತು. ಈ ಸೀಮೆಗೆ ಕುದುರೆ ಹೊಸದೇನಲ್ಲ. ಟಿಪ್ಪು ತನ್ನ ಅಶ್ವದಳಕ್ಕಾಗಿ ಕುದುರೆ ಬೆಳೆಸಿದ ಕುಣಿಗಲ್ ಫಾರಂ ಮುಂದೆ ರೇಸಿನ ತಳಿಗೇ ಹೆಸರಾಯಿತು. ಈಗಿನ ಬೆಂಗಳೂರು ಟರ್ಫ್ ಕ್ಲಬ್ ಕಟ್ಟಿದ್ದು 1962ರಲ್ಲಿ.

ಬಿಸಿಯಾದ ಕುದುರೆಗೆ ತಣ್ಣೀರು ಸುರಿಯಬಾರದು, ಸ್ನಾಯು ಹಿಡಿದುಕೊಳ್ಳುತ್ತದೆ ಎಂದು ಹಿಂದಿನವರು ನಂಬಿದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೊದಲು ಅಲ್ಲಿನ ಸೆಕೆಗೆ ಹೆದರಿ ವಿಜ್ಞಾನಿಗಳು ಪರೀಕ್ಷೆ ಮಾಡಿದರು. ತಣ್ಣೀರೇ ಒಳ್ಳೆಯದು ಎಂದು ಗೊತ್ತಾಯಿತು.

ಬೆಂಗಳೂರೂ ಈಗ ಮೊದಲಿನಷ್ಟು ತಂಪಿಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಬೇಸಿಗೆ ರೇಸು ಶುರುವಾಗುವುದು ಮೇ ನಡುವಿಗೆ, ಮುಂಗಾರಿಗೆ ಮುಂಚಿನ ಮಳೆ ಒಂದೆರಡು ಬಿದ್ದ ಮೇಲೆ.