ಒಂದು ಜರ್ಮನ್ ಪದ, ಎರಡು ಇಂಗ್ಲಿಷ್ ಪದ: ಬೈ–ಅಂಟಿಲ್, ಸಿನ್ಸ್–ಫಾರ್ ಮತ್ತು ಇತರೆ

ಜರ್ಮನಿಯಲ್ಲಿ ಇಂಗ್ಲಿಷ್ ತರಗತಿಗೆ ಸೇರಿದರೆ ವಿವರಣೆಯೆಲ್ಲ ಜರ್ಮನ್‌ನಲ್ಲಿ. ಪಠ್ಯಪುಸ್ತಕ ಎಚ್ಚರಿಸುವುದೂ ಜರ್ಮನ್ನರು ಎಡವುವ ಜಾಗಗಳನ್ನೇ. ಅದೇ ಬೆಂಚಿನಲ್ಲಿ ಕುಳಿತ ಕನ್ನಡಿಗರಿಗೆ ಆ ಎಚ್ಚರಿಕೆಗಳಲ್ಲಿ ಕೆಲವು ಬೇಕಾಗಿಯೇ ಇಲ್ಲ, ಇನ್ನು ಕೆಲವು ಅವರಷ್ಟೇ ನಮಗೂ ಬೇಕು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂದು ಬೇರ್ಪಡಿಸಿಕೊಳ್ಳಲು ಬರೆದ ಟಿಪ್ಪಣಿ ಇದು.

ಸದ್ದಿನಲ್ಲಷ್ಟೇ ಹೋಲುವ ಜೋಡಿಗಳನ್ನು ಬಿಟ್ಟಿದ್ದೇನೆ. 'ಬೆಕೊಮೆನ್' ಎಂದರೆ ಸಿಗುವುದು, ಬಿಕಮ್ ಅಲ್ಲ. ಹೋಟೆಲಿನಲ್ಲಿ 'ನಾನು ಸ್ಟೇಕ್ ಆಗುತ್ತೇನೆ' ಎಂದು ಇಂಗ್ಲಿಷಿನಲ್ಲಿ ಹೇಳಿದ ಜರ್ಮನ್ನರ ನಗೆಹನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಕಷ್ಟವಿರುವುದು ಒಂದೇ ಜರ್ಮನ್ ಪದ ಇಂಗ್ಲಿಷಿನಲ್ಲಿ ಎರಡಾಗುವ ಕಡೆ.

ಬಿಸ್: ಬೈ, ಅಂಟಿಲ್

'ಶುಕ್ರವಾರದವರೆಗೆ ರಜೆಯಲ್ಲಿದ್ದೇನೆ' ಎನ್ನಲೂ 'ಶುಕ್ರವಾರದೊಳಗೆ ವರದಿ ಕಳುಹಿಸಿ' ಎನ್ನಲೂ ಜರ್ಮನ್‌ನಲ್ಲಿ 'ಬಿಸ್' ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದು ಅಂಟಿಲ್, ಎರಡನೆಯದು ಬೈ. ಕ್ರಿಯೆ ಗಡುವಿನ ತನಕ ಮುಂದುವರಿಯುತ್ತದೆಯೋ, ಅದಕ್ಕೆ ಮೊದಲೇ ಒಮ್ಮೆ ನಡೆದು ಮುಗಿಯುತ್ತದೆಯೋ ಎಂದು ಜರ್ಮನ್ನರು ಪ್ರತಿ ಸಲ ಲೆಕ್ಕ ಹಾಕಬೇಕು. ನಮಗೆ ಆ ಲೆಕ್ಕವೇ ಬೇಡ. ಕನ್ನಡದಲ್ಲಿ 'ವರೆಗೆ' ಅಥವಾ 'ತನಕ' ಬಂದರೆ ಅಂಟಿಲ್, 'ಒಳಗೆ' ಬಂದರೆ ಬೈ.

ನಿಷೇಧದಲ್ಲೂ ಇದು ಕೈಕೊಡುವುದಿಲ್ಲ. 'ಶುಕ್ರವಾರದ ತನಕ ಕಳುಹಿಸಲಾಗುವುದಿಲ್ಲ' ಎಂದರೆ ಶುಕ್ರವಾರ ಬರಲಿ, ಆಮೇಲೆ ನೋಡೋಣ ಎಂದರ್ಥ; ಅಂಟಿಲ್. 'ಶುಕ್ರವಾರದೊಳಗೆ ಕಳುಹಿಸಲಾಗುವುದಿಲ್ಲ' ಎಂದರೆ ಗಡುವು ತಪ್ಪುತ್ತದೆ, ಬೈ. ಮೊದಲನೆಯ ಅರ್ಥಕ್ಕೆ ಜರ್ಮನ್ನರು ಬಿಸ್ ಬಿಟ್ಟು 'ಎರ್ಸ್ಟ್' ಎಂಬ ಬೇರೆಯದೇ ಪದಕ್ಕೆ ಹೋಗುತ್ತಾರೆ. ಅದಕ್ಕೇ 'ನಾಟ್ ಅಂಟಿಲ್' ಅವರ ಬಾಯಿಗೆ ಸುಲಭವಾಗಿ ಬರುವುದಿಲ್ಲ.

ಎರಡು ಕಡೆ ಮಾತ್ರ ಹುಷಾರು. 'ಎರಡು ದಿನದೊಳಗೆ' ಎಂಬಲ್ಲಿ ಇರುವುದು ಅವಧಿ, ದಿನಾಂಕವಲ್ಲ, ಅದು ವಿದಿನ್. 'ರೈಲು ಕಲೋನ್‌ವರೆಗೆ ಹೋಗುತ್ತದೆ' ಎಂಬಲ್ಲಿ ಇರುವುದು ಊರು. ಜರ್ಮನ್‌ನಲ್ಲಿ ಬಿಸ್, ಕನ್ನಡದಲ್ಲಿ ವರೆಗೆ, ಆದರೆ ಇಂಗ್ಲಿಷಿನಲ್ಲಿ ಅಂಟಿಲ್ ಅಲ್ಲ, ಆ್ಯಸ್ ಫಾರ್ ಆ್ಯಸ್.

ಝೈಟ್: ಸಿನ್ಸ್, ಫಾರ್

ಇಲ್ಲಿ ನಾವೂ ಜರ್ಮನ್ನರೂ ಒಂದೇ ಹೊಂಡಕ್ಕೆ ಬೀಳುತ್ತೇವೆ. 'ಮೂರು ವರ್ಷದಿಂದ', '2021ರಿಂದ' ಎರಡಕ್ಕೂ ನಮ್ಮದು 'ಇಂದ', ಅವರದು 'ಝೈಟ್'. ಸಾಲದ್ದಕ್ಕೆ ಎರಡು ಭಾಷೆಗಳಲ್ಲೂ ಕ್ರಿಯಾಪದ ವರ್ತಮಾನದಲ್ಲೇ ಇರುತ್ತದೆ: ಇದ್ದೇನೆ, ವೋನೆ. 'ಸಿನ್ಸ್ ಥ್ರೀ ಇಯರ್ಸ್' ಬೆಂಗಳೂರಿನಲ್ಲೂ ಬರ್ಲಿನ್‌ನಲ್ಲೂ ಕೇಳಿಬರುವುದು ಇದರಿಂದಲೇ.

ಪದ ಆರಿಸುವುದು ಕಷ್ಟವಲ್ಲ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೋರಿಸಬಹುದಾದರೆ ಸಿನ್ಸ್: 2021, ಹೋದ ವಾರ, ಮದುವೆಯಾದ ದಿನ. ಎಣಿಸಿ ಹೇಳಬೇಕಾದರೆ ಫಾರ್: ಮೂರು ವರ್ಷ, ಹತ್ತು ನಿಮಿಷ. 'ಹೋದ ವಾರದಿಂದ' ಸಿನ್ಸ್, 'ಒಂದು ವಾರದಿಂದ' ಫಾರ್.

ಕಾಡುವುದು ಕ್ರಿಯಾಪದ. ಬಾನ್ ನಗರವನ್ನೇ ತೆಗೆದುಕೊಂಡು ನಿಧಾನವಾಗಿ ನೋಡೋಣ.

'ಬಾನ್‌ನಲ್ಲಿ ಮೂರು ವರ್ಷದಿಂದ ಇದ್ದೇನೆ': ಈಗಲೂ ಅಲ್ಲೇ. ಜರ್ಮನ್‌ನಲ್ಲಿ 'ವೋನೆ', ಇಂಗ್ಲಿಷಿನಲ್ಲಿ 'ಹ್ಯಾವ್ ಲಿವ್ಡ್'.

'ಬಾನ್‌ನಲ್ಲಿ ಮೂರು ವರ್ಷ ಇದ್ದೆ': ಈಗ ಅಲ್ಲಿಲ್ಲ. ಮಾತಿನ ಜರ್ಮನ್‌ನಲ್ಲಿ 'ಹಾಬೆ ಗೆವೋಂಟ್', ಇಂಗ್ಲಿಷಿನಲ್ಲಿ ಬರೀ 'ಲಿವ್ಡ್'.

ಹಾಬೆ ಮತ್ತು ಹ್ಯಾವ್ ಒಂದೇ ಬಳ್ಳಿಯ ಕಾಯಿಗಳಂತೆ ಕಾಣುತ್ತವೆ, ಆದರೆ ಈ ವಾಕ್ಯದಲ್ಲಿ ಕೊಡುವ ಅರ್ಥ ತಿರುವುಮುರುವು. ಹಾಬೆ ಬಂದಲ್ಲಿ ಊರು ಬಿಟ್ಟಾಗಿದೆ. ಹ್ಯಾವ್ ಬಂದಲ್ಲಿ ಇನ್ನೂ ಬಿಟ್ಟಿಲ್ಲ. ಊರು ಬಿಟ್ಟು ಬಂದವರು ಜರ್ಮನ್ ವಾಕ್ಯವನ್ನು ಹಾಗೆಯೇ ಮಗುಚಿ ಸ್ವಪರಿಚಯ ಪತ್ರದಲ್ಲಿ 'ಹ್ಯಾವ್ ಲಿವ್ಡ್' ಎಂದು ಬರೆದರೆ, ಓದಿದವರು ಬಾನ್ ವಿಳಾಸಕ್ಕೇ ಕಾಗದ ಕಳುಹಿಸಿಯಾರು.

ಜರ್ಮನ್ ಪಕ್ಕಕ್ಕಿಟ್ಟು ಕನ್ನಡ ವಾಕ್ಯ ಮಾಡಿಕೊಳ್ಳುವುದು ನನ್ನ ದಾರಿ. ಅವಧಿಗೆ 'ಇಂದ' ಅಂಟಿಕೊಂಡು ಕೊನೆಗೆ 'ಇದ್ದೇನೆ' ಬಂದರೆ ಹ್ಯಾವ್. 'ಇಂದ' ಇಲ್ಲದೆ 'ಇದ್ದೆ' ಬಂದರೆ ಸರಳ ಭೂತಕಾಲ. 'ಆಗ ಮೂರು ವರ್ಷದಿಂದ ಅಲ್ಲಿದ್ದೆ' ಎಂದು ಎರಡೂ ಸೇರಿದರೆ ಹ್ಯಾಡ್. ಮೂರರಲ್ಲೂ ಫಾರ್ ಅಲುಗಾಡುವುದಿಲ್ಲ. ಬದಲಾಗುವುದು ಕ್ರಿಯಾಪದ ಮಾತ್ರ. ಪುಸ್ತಕ ಪದವನ್ನೂ ಕಾಲವನ್ನೂ ಒಂದೇ ಕೋಷ್ಟಕದಲ್ಲಿ ತುರುಕಿ ಗೊಂದಲ ಮಾಡಿದೆ ಎನ್ನುವುದು ನನ್ನ ತಕರಾರು. ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಿಕೊಂಡರೆ ಸುಲಭ.

ಉಳಿದವು

ವೆನ್: ಇಂಗ್ಲಿಷಿನ ಇಫ್, ವೆನ್ ಎರಡೂ ಈ ಜರ್ಮನ್ ಪದದಲ್ಲೇ ಅಡಗಿವೆ. ಸದ್ದು ಇಂಗ್ಲಿಷಿನ ವೆನ್‌ಗೆ ಹತ್ತಿರ, ಹಾಗಾಗಿ ಜರ್ಮನ್ನರು ಇಂಗ್ಲಿಷಿನಲ್ಲಿ 'ನಾಳೆ ಮಳೆ ಬಂದರೆ' ಎನ್ನುವಲ್ಲೂ ವೆನ್ ಹಾಕುತ್ತಾರೆ. ನಮಗೆ 'ಬಂದರೆ' ಇಫ್, 'ಬಂದಾಗ' ವೆನ್.

ಲೈಎನ್: ಕಡ ಕೊಡುವುದೂ ತೆಗೆದುಕೊಳ್ಳುವುದೂ ಇದೇ. ಕೊಡುವವರು ಲೆಂಡ್, ಪಡೆಯುವವರು ಬಾರೋ.

ಷಾಟನ್: ಕನ್ನಡದ 'ನೆರಳು' ಕೂಡ ಇಲ್ಲಿ ನೆರವಿಗೆ ಬರುವುದಿಲ್ಲ, ಅದೂ ಒಂದೇ ಪದ. ಯಾರದು ಎಂದು ಕೇಳುವಂಥ ಆಕಾರವಿದ್ದರೆ ಶ್ಯಾಡೋ; ಬಿಸಿಲು ತಪ್ಪಿಸಿಕೊಳ್ಳಲು ಹೋಗಿ ಕೂರುವ ಜಾಗವಾದರೆ ಶೇಡ್.

ಮುಸ್ ನಿಷ್ಟ್: ಇದರ ಅರ್ಥ 'ಮಾಡಬೇಕಾಗಿಲ್ಲ', ಇಂಗ್ಲಿಷಿನಲ್ಲಿ ನೀಡ್ ನಾಟ್. ಪಡಿಯಚ್ಚಿನಂತೆ ಕಾಣುವ ಮಸ್ಟ್ ನಾಟ್ ಎಂದರೆ 'ಮಾಡಬಾರದು', ಅದಕ್ಕೆ ಜರ್ಮನ್‌ನಲ್ಲಿ 'ಡಾರ್ಫ್ ನಿಷ್ಟ್'. ಮಾತ್ರೆಯ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಹಾಲಿನ ಜೊತೆ ಮಸ್ಟ್ ನಾಟ್ ಎಂದು ಬರೆದಿದ್ದರೆ, ಪಕ್ಕದ ಜರ್ಮನ್ ಗೆಳೆಯರಿಗೆ ಒಂದು ಮಾತು ಹೇಳಿಬಿಡಿ.